ಮಿತ ಬೆಲೆಯ ವಾರ್ಮಿಂಟ್ ರೈಫಲ್: ರೂಗರ್ ಅಮೆರಿಕನ್ ಪ್ರಿಡೇಟರ್ ಮತ್ತು ಅದರ ಸರೀಕರು

ಮುನ್ನೂರು ಗಜ ದೂರದಲ್ಲಿ, ಬಿಲದ ಬಾಯಲ್ಲಿ ನೆಟ್ಟಗೆ ನಿಂತ, ಅಳಿಲಿನ ಕುಲದ ಪ್ರಾಣಿಯಾದ ಪ್ರೇರಿ ಡಾಗ್‌ನ ಮೈಯಗಲ ಮೂರು ನಾಲ್ಕು ಅಂಗುಲಕ್ಕಿಂತ ಹೆಚ್ಚಿರುವುದಿಲ್ಲ. ಅದೇ ದೂರದಲ್ಲಿ ಜಿಂಕೆಯೊಂದರ ಎದೆಗೂಡು ಎಂಟು ಅಂಗುಲಕ್ಕೂ ಮಿಗಿಲಾದ ಗುರಿ. ಜಿಂಕೆಯ ಬೇಟೆಗೆ ಧಾರಾಳವಾಗಿ ಸಾಕಾಗುವ ರೈಫಲ್ ಇಲ್ಲಿ ಏಕೆ ಸೋಲುತ್ತದೆ ಎಂಬುದನ್ನು ಈ ಒಂದು ಲೆಕ್ಕವೇ ಹೇಳಿಬಿಡುತ್ತದೆ. ಅಮೆರಿಕದ ರೈತರು ಬೆಳೆಗೂ ಜಾನುವಾರಿಗೂ ಕಾಟ ಕೊಡುವ ಪ್ರಾಣಿಗಳನ್ನು ಒಟ್ಟಾಗಿ ‘ವಾರ್ಮಿಂಟ್’ ಎಂದು ಕರೆಯುತ್ತಾರೆ. ಸೋಯಾ ಹೊಲದ ಬದುವಿನಲ್ಲಿ ಬಿಲ ತೋಡಿ ಸುತ್ತಲಿನ ಪೈರನ್ನು ಬೋಳಿಸುವ ಗ್ರೌಂಡ್‌ಹಾಗ್, ಮೇವಿನ ಹೊಲಗಳನ್ನು ಹಾಳುಗೆಡವುವ ನೆಲದ ಅಳಿಲು, ಹುಲ್ಲುಗಾವಲಿನ ಪ್ರೇರಿ ಡಾಗ್, ಕುರಿಮರಿಗಳ ಮೇಲೆ ಕಣ್ಣಿಡುವ, ತೋಳದಂಥ ಕಯೋಟಿ ಇವೆಲ್ಲ ಆ ಹೆಸರಿನಡಿ ಬರುತ್ತವೆ. ಇವುಗಳಲ್ಲಿ ಬಹುಪಾಲು ಸಣ್ಣ ಪ್ರಾಣಿಗಳು, ಎಚ್ಚರದ ಪ್ರಾಣಿಗಳು, ಮನುಷ್ಯ ಕಂಡೊಡನೆ ಬಿಲ ಸೇರುವಂಥವು. ಈಡು ಒಂದಂಗುಲ ಅತ್ತಿತ್ತ ಸರಿದರೆ ಪ್ರಾಣಿ ಗಾಯಗೊಂಡು ಬಿಲದೊಳಗೆ ನರಳಿ ಸಾಯುತ್ತದೆ. ಕಾಟ ಕೊಡುವ ಪ್ರಾಣಿಯಾದರೂ ಅದಕ್ಕೆ ಅಂಥ ಸಾವು ಕೊಡುವ ಹಕ್ಕು ನಮಗಿಲ್ಲವೆಂದು ನಾನು ನಂಬುತ್ತೇನೆ. ಆದ್ದರಿಂದ ಅಗ್ಗದ ರೈಫಲ್ ಹುಡುಕುವಾಗಲೂ ನಿಖರತೆಯ ವಿಷಯದಲ್ಲಿ ರಾಜಿಗೆ ಜಾಗವಿಲ್ಲ.

ಸಮಾಧಾನದ ಸಂಗತಿಯೆಂದರೆ, ನಿಖರತೆಗೆ ಈಗ ಮೊದಲಿನಷ್ಟು ಹಣ ಸುರಿಯಬೇಕಾಗಿಲ್ಲ. ಅಮೆರಿಕದಲ್ಲಿ ನೆಲೆಸಿರುವ ನಾನು, ಪರಿಚಿತ ರೈತರೊಬ್ಬರ ಸೋಯಾ ಹೊಲದಲ್ಲಿ ಗ್ರೌಂಡ್‌ಹಾಗ್‌ಗಳನ್ನು ಹತೋಟಿಯಲ್ಲಿಡುವ ಸಲುವಾಗಿ .223 ರೆಮಿಂಗ್ಟನ್ ತೋಟಾದ ರೂಗರ್ ಅಮೆರಿಕನ್ ಪ್ರಿಡೇಟರ್ ಕೊಂಡು ಎರಡು ಬೇಸಿಗೆಗಳನ್ನು ಕಳೆದಿದ್ದೇನೆ. ಕೊಳ್ಳುವ ಮುನ್ನ ಇದೇ ದರ್ಜೆಯ ಇತರ ಬೋಲ್ಟ್ ಆಕ್ಷನ್ (ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತಳ್ಳಿ ತೋಟಾ ತುಂಬುವ) ರೈಫಲ್‌ಗಳನ್ನು ಶೂಟಿಂಗ್ ರೇಂಜಿನಲ್ಲಿ ಕೈಗೆತ್ತಿಕೊಂಡು ನೋಡಿದೆ. ಆ ಹುಡುಕಾಟದಲ್ಲಿ ಕಲಿತದ್ದು ಒಂದು ಬ್ರಾಂಡಿನ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ಅನ್ನಿಸಿದ್ದರಿಂದ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವ ಕಂಪನಿಯ ರೈಫಲ್ ಎಂಬುದಲ್ಲ, ಒಂದು ಗಂಟೆಯಲ್ಲಿ ಎಷ್ಟು ಈಡು ಹೊಡೆಯಬೇಕಾಗುತ್ತದೆ ಎಂಬುದು. ಗ್ರೌಂಡ್‌ಹಾಗ್ ಬೇಟೆಯಲ್ಲಿ ಒಂದು ಸಂಜೆ ಪೂರ್ತಿ ಹೊಂಚು ಹಾಕಿ ಕುಳಿತರೂ ಎರಡು ಮೂರು ಈಡುಗಳಿಗಿಂತ ಹೆಚ್ಚು ಅವಕಾಶ ಸಿಗುವುದು ಅಪರೂಪ. ಕಯೋಟಿಯಾದರೆ ಬೆಳಗಿಗೊಂದು ಸಿಕ್ಕರೆ ಅದೃಷ್ಟ. ಇಂಥ ಬೇಟೆಯಲ್ಲಿ ನಳಿಗೆ ಕಾಯುವ ಪ್ರಶ್ನೆಯೇ ಬರುವುದಿಲ್ಲ, ಆದರೆ ರೈಫಲನ್ನು ಹೊತ್ತು ನಡೆಯಬೇಕಾಗುತ್ತದೆ. ಪ್ರೇರಿ ಡಾಗ್‌ಗಳ ದೊಡ್ಡ ವಸತಿಯ ಎದುರು ಮೇಜು ಹಾಕಿಕೊಂಡು ಕುಳಿತವನ ಸ್ಥಿತಿ ಬೇರೆ. ಅಲ್ಲಿ ಅರ್ಧ ಗಂಟೆಯಲ್ಲಿ ಐವತ್ತು ತೋಟಾ ಮುಗಿಯುವುದುಂಟು. ತೆಳು ನಳಿಗೆ ಹತ್ತು ಹನ್ನೆರಡು ಈಡುಗಳಲ್ಲೇ ಮುಟ್ಟಲಾಗದಷ್ಟು ಕಾದು, ಲೋಹದೊಳಗಿನ ಒತ್ತಡಗಳು ಸಮವಾಗಿಲ್ಲದಿದ್ದರೆ ಗುಂಡು ಬೀಳುವ ಜಾಗವೇ ನಿಧಾನವಾಗಿ ಸರಿಯತೊಡಗುತ್ತದೆ. ಜೊತೆಗೆ ನಳಿಗೆಯಿಂದ ಏಳುವ ಬಿಸಿಗಾಳಿ ಗುರಿ ನೋಡುವ ದೂರದರ್ಶಕದ ಮುಂದೆ ಕುಣಿದು ಗುರಿಯನ್ನು ಕಲಕುತ್ತದೆ. ದಪ್ಪ ನಳಿಗೆ ಕಾಯುವುದು ನಿಧಾನ. ಆದರೆ ಒಮ್ಮೆ ಕಾದರೆ ಅದು ತಣಿಯುವುದೂ ಅಷ್ಟೇ ನಿಧಾನ. ಹೀಗಾಗಿ ಪ್ರೇರಿ ಡಾಗ್ ಬೇಟೆಗೆ ಹೋಗುವ ಅನುಭವಿಗಳು ಎರಡು ರೈಫಲ್ ಒಯ್ದು, ಒಂದು ತಣಿಯುವವರೆಗೆ ಇನ್ನೊಂದನ್ನು ಬಳಸುತ್ತಾರೆ. ಮಿತ ಬೆಲೆಯ ರೈಫಲ್‌ಗಳ ದೊಡ್ಡ ಪ್ರಯೋಜನ ಇಲ್ಲಿಯೇ ಇದೆ ಎಂದರೂ ತಪ್ಪಲ್ಲ, ಏಕೆಂದರೆ ಒಂದು ದುಬಾರಿ ರೈಫಲಿನ ಹಣದಲ್ಲಿ ಇಂಥವು ಎರಡು ಬರುತ್ತವೆ.

ಇನ್ನು ತೋಟಾದ ಆಯ್ಕೆ. ರೈಫಲ್‌ಗಿಂತ ಹೆಚ್ಚು ಯೋಚಿಸಬೇಕಾದದ್ದು ಇದರ ಬಗ್ಗೆ, ಏಕೆಂದರೆ ರೈಫಲಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ತೋಟಾಕ್ಕೆ ವರ್ಷವರ್ಷವೂ ಕೊಡುತ್ತಿರಬೇಕು.

1935ರಲ್ಲಿ ವಿಂಚೆಸ್ಟರ್ ಹೊರತಂದ .220 ಸ್ವಿಫ್ಟ್ ಹಗುರ ಗುಂಡನ್ನು ಸೆಕೆಂಡಿಗೆ ನಾಲ್ಕು ಸಾವಿರ ಅಡಿಗಳ ವೇಗಕ್ಕೆ ಒಯ್ದು ಹೆಸರು ಮಾಡಿತು, ಹಾಗೆಯೇ ನಳಿಗೆಗಳನ್ನು ಬೇಗ ಸವೆಸುತ್ತದೆಂಬ ಅಪಖ್ಯಾತಿಯನ್ನೂ ಗಳಿಸಿತು. ಹವ್ಯಾಸಿ ಕುಶಲಕರ್ಮಿಗಳು .250 ಸ್ಯಾವೇಜ್ ತೋಟಾದ ಕತ್ತನ್ನು ಕಿರಿದುಮಾಡಿ ಬಹುಕಾಲ ಬಳಸುತ್ತಿದ್ದ .22-250 ಅನ್ನು ರೆಮಿಂಗ್ಟನ್ 1965ರಲ್ಲಿ ಅಧಿಕೃತ ತೋಟಾವನ್ನಾಗಿ ಮಾಡಿತು. 55 ಗ್ರೇನ್ (ಗ್ರೇನ್ ಎಂಬುದು ತೂಕದ ಸಣ್ಣ ಅಳತೆ) ಗುಂಡನ್ನು ಇದು ಸೆಕೆಂಡಿಗೆ ಸುಮಾರು 3,680 ಅಡಿ ವೇಗದಲ್ಲಿ ಹೊರಡಿಸಿದರೆ, ಅದೇ ತೂಕದ ಗುಂಡನ್ನು .223 ರೆಮಿಂಗ್ಟನ್ ಸುಮಾರು 3,240 ಅಡಿ ವೇಗದಲ್ಲಿ ಹೊರಡಿಸುತ್ತದೆ. ಅಂಕಿ ನೋಡಿದವರಿಗೆ ವ್ಯತ್ಯಾಸ ದೊಡ್ಡದೆನಿಸುವುದು ಸಹಜ. ಹೊಲದಲ್ಲಿ ಅದು ಅಷ್ಟು ದೊಡ್ಡದಲ್ಲ. ಇನ್ನೂರು ಗಜಕ್ಕೆ ಗುರಿ ಹೊಂದಿಸಿದರೆ ಮುನ್ನೂರು ಗಜದಲ್ಲಿ .223 ಗುಂಡು ಸುಮಾರು ಆರು ಅಂಗುಲ ಕೆಳಗಿಳಿಯುತ್ತದೆ, .22-250 ಗುಂಡು ಅದಕ್ಕಿಂತ ಒಂದೆರಡು ಅಂಗುಲ ಕಡಿಮೆ ಇಳಿಯುತ್ತದೆ. ಇಳಿತ ಒಮ್ಮೆ ಅಳೆದರೆ ಬದಲಾಗದ ಲೆಕ್ಕ. ಅದನ್ನು ಕಲಿಯಬಹುದು, ರೈಫಲಿನ ಸ್ಟಾಕಿಗೆ (ಭುಜಕ್ಕೊತ್ತಿ ಹಿಡಿಯುವ ಚೌಕಟ್ಟಿಗೆ) ಚೀಟಿ ಅಂಟಿಸಿಕೊಳ್ಳಬಹುದು. ಬೇಟೆಗಾರನನ್ನು ನಿಜವಾಗಿ ಕಾಡುವುದು ಅಡ್ಡಗಾಳಿ. ಗಂಟೆಗೆ ಹತ್ತು ಮೈಲಿ ವೇಗದ ಅಡ್ಡಗಾಳಿ ಮುನ್ನೂರು ಗಜದಲ್ಲಿ .223 ಗುಂಡನ್ನು ಒಂದು ಅಡಿಗೂ ಮೀರಿ ಪಕ್ಕಕ್ಕೆ ತಳ್ಳುತ್ತದೆ. .22-250 ಕೂಡ ಆ ಗಾಳಿಗೆ ಬಾಗದೆ ಇರುವುದಿಲ್ಲ, ಸ್ವಲ್ಪ ಕಡಿಮೆ ಬಾಗುತ್ತದೆ ಅಷ್ಟೆ. ಗಾಳಿಯನ್ನು ಓದುವ ವಿದ್ಯೆ ಅಭ್ಯಾಸದಿಂದ ಬರುತ್ತದೆ, ಅಭ್ಯಾಸಕ್ಕೆ ತೋಟಾ ಬೇಕು, ತೋಟಾ ಅಗ್ಗವಾಗಿರಬೇಕು. ಅಮೆರಿಕದಲ್ಲಿ .223ರಷ್ಟು ಸುಲಭವಾಗಿ, ಅಷ್ಟು ಬಗೆಗಳಲ್ಲಿ, ಅಷ್ಟು ಕಡಿಮೆ ಬೆಲೆಗೆ ಸಿಗುವ ವಾರ್ಮಿಂಟ್ ತೋಟಾ ಮತ್ತೊಂದಿಲ್ಲ. ಮದ್ದನ್ನು ಕಡಿಮೆ ಸುಡುವುದರಿಂದ ಅದು ನಳಿಗೆಯನ್ನೂ ಹೆಚ್ಚು ಕಾಲ ಉಳಿಸುತ್ತದೆ.

2004ರಲ್ಲಿ ಹಾರ್ನಡಿ ಮತ್ತು ರೂಗರ್ ಕೂಡಿ ತಂದ .204 ರೂಗರ್ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. 32 ಗ್ರೇನ್ ಗುಂಡಿಗೆ ಸೆಕೆಂಡಿಗೆ 4,225 ಅಡಿ ವೇಗವೆಂದು ತಯಾರಕರು ಸಾರಿದ ಈ ತೋಟಾದ ಹಿನ್ನೊದೆತ ಎಷ್ಟು ಮೃದುವೆಂದರೆ, ಗುಂಡು ತಗುಲಿದ್ದನ್ನು ಅಥವಾ ಎಲ್ಲಿ ತಪ್ಪಿತೆಂಬುದನ್ನು ದೂರದರ್ಶಕದಿಂದ ಕಣ್ಣು ತೆಗೆಯದೆ ಬೇಟೆಗಾರ ತಾನೇ ನೋಡಬಹುದು. ತಪ್ಪಿದ ಈಡನ್ನು ಕಂಡವನು ಮುಂದಿನದನ್ನು ತಿದ್ದಿಕೊಳ್ಳುತ್ತಾನೆ, ಕಾಣದವನು ಊಹಿಸುತ್ತಾನೆ. ತೋಟಾ ಬೆಲೆಯ ಚಿಂತೆ ಇಲ್ಲದವರಿಗೆ, ಇಲ್ಲವೇ ಮನೆಯಲ್ಲೇ ತೋಟಾ ತುಂಬಿಕೊಳ್ಳುವವರಿಗೆ ನಾನು .204 ಅನ್ನೇ ಹೇಳುತ್ತೇನೆ. ನೂರೈವತ್ತು ಗಜದೊಳಗಿನ ನೆಲದ ಅಳಿಲಿಗೆ .17 ಎಚ್‌ಎಮ್‌ಆರ್ ಸಾಕು, ಆದರೆ ಅದರ 17 ಗ್ರೇನ್ ಗುಂಡು ಗಾಳಿಗೆ ಎಲೆಯಂತೆ ತೂರಾಡುತ್ತದೆ, ಕಯೋಟಿಗಂತೂ ಅದು ತಕ್ಕದ್ದಲ್ಲ.

.223 ಕೊಳ್ಳುವವರು ನಳಿಗೆಯ ಒಳಸುರುಳಿಯ ಅಂಕಿಯನ್ನು ನೋಡಲೇಬೇಕು. ಗುಂಡು ಎಷ್ಟು ಅಂಗುಲ ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ ಎಂಬುದು ಆ ಅಂಕಿ. ಹನ್ನೆರಡು ಅಂಗುಲಕ್ಕೊಂದು ಸುತ್ತಿನ ಹಳೆಯ ನಳಿಗೆಗಳು 40ರಿಂದ 55 ಗ್ರೇನ್ ಗುಂಡುಗಳಿಗೆ ಹೇಳಿಮಾಡಿಸಿದಂಥವು, ಆದರೆ ಉದ್ದನೆಯ ಭಾರದ ಗುಂಡುಗಳನ್ನು ಸ್ಥಿರವಾಗಿ ತಿರುಗಿಸಲಾರವು. ಎಂಟು ಅಥವಾ ಒಂಬತ್ತು ಅಂಗುಲದ ಸುರುಳಿ ಹಗುರ ಗುಂಡುಗಳ ಜೊತೆಗೆ 69 ಗ್ರೇನ್ ಗುಂಡುಗಳನ್ನೂ ಚೆನ್ನಾಗಿ ನಿಭಾಯಿಸುತ್ತದೆ. ಗಾಳಿಯ ಬಯಲುಗಳಲ್ಲಿ ಭಾರದ ಗುಂಡು ಒಮ್ಮೊಮ್ಮೆ ನೆರವಿಗೆ ಬರುತ್ತದೆ. ಇನ್ನೊಂದು ಎಚ್ಚರ: ಸೈನ್ಯದ 5.56 ತೋಟಾ ಮತ್ತು .223 ಹೊರನೋಟಕ್ಕೆ ಒಂದೇ ಆದರೂ 5.56ರ ಒತ್ತಡ ಹೆಚ್ಚು. ನಳಿಗೆಯ ಮೇಲೆ .223 ಎಂದಷ್ಟೇ ಕೆತ್ತಿದ್ದರೆ ಅದರಲ್ಲಿ .223 ತೋಟಾವನ್ನು ಮಾತ್ರ ಬಳಸಬೇಕು.

ಇಷ್ಟು ತೀರ್ಮಾನಿಸಿಕೊಂಡು ಅಂಗಡಿಗೆ ಹೋದಾಗ ನನ್ನ ಮುಂದೆ ಉಳಿದದ್ದು ನಾಲ್ಕು ಹೆಸರುಗಳು.

ರೂಗರ್ ಅಮೆರಿಕನ್ ಮಾಲಿಕೆ ಮಾರುಕಟ್ಟೆಗೆ ಬಂದದ್ದು 2012ರ ಸುಮಾರಿಗೆ. ಪ್ರಿಡೇಟರ್ ಅದರ ವಾರ್ಮಿಂಟ್ ಮಾದರಿ. ಅಂಗಡಿ ಬೆಲೆ ಸಾಮಾನ್ಯವಾಗಿ 500ರಿಂದ 650 ಡಾಲರ್‌ಗಳ ನಡುವೆ ಇರುತ್ತದೆ. .223ರಲ್ಲಿ ಇದಕ್ಕೆ 22 ಅಂಗುಲದ ನಳಿಗೆ, ಎಂಟು ಅಂಗುಲದ ಸುರುಳಿ. ನಳಿಗೆ ಸಾಮಾನ್ಯ ಬೇಟೆ ರೈಫಲಿನದಕ್ಕಿಂತ ದಪ್ಪ, ನಿಜವಾದ ವಾರ್ಮಿಂಟ್ ನಳಿಗೆಗಿಂತ ತೆಳು. ರೈಫಲಿನ ಒಟ್ಟು ತೂಕ ಆರೂವರೆ ಪೌಂಡುಗಳ ಆಸುಪಾಸು. ಹೊಲದ ಬದುವಿನ ಮೇಲೆ ಮೈಲಿಗಟ್ಟಲೆ ನಡೆಯುವ ನನಗೆ ಈ ನಡುದಾರಿಯೇ ಹಿಡಿಸಿತು. ಬೋಲ್ಟಿಗೆ ಎರಡರ ಬದಲು ಮೂರು ಹಲ್ಲುಗಳಿರುವುದರಿಂದ ಅದನ್ನು ಎತ್ತುವ ಕೋನ 70 ಡಿಗ್ರಿ ಮಾತ್ರ, ದೊಡ್ಡ ದೂರದರ್ಶಕ ಕೂರಿಸಿದ್ದರೂ ಬೆರಳ ಗೆಣ್ಣು ಅದಕ್ಕೆ ತಾಗುವುದಿಲ್ಲ. ಟ್ರಿಗರನ್ನು ಮೂರರಿಂದ ಐದು ಪೌಂಡುಗಳ ನಡುವೆ ಮಾಲೀಕನೇ ಹೊಂದಿಸಿಕೊಳ್ಳಬಹುದು, ಮತ್ತು ನನ್ನದು ಮೂರು ಪೌಂಡಿನಲ್ಲಿ ಗಾಜಿನ ಕಡ್ಡಿ ಮುರಿದಂತೆ ಚೊಕ್ಕವಾಗಿ ಬಿಡುತ್ತದೆ. ಸುರಕ್ಷಾ ಗುಂಡಿ ಹೆಬ್ಬೆರಳಿನಡಿಯಲ್ಲೇ ಇದೆ. ದೂರದರ್ಶಕ ಕೂರಿಸುವ ರೇಲ್ ಕಾರ್ಖಾನೆಯಿಂದಲೇ ಬರುತ್ತದೆ. ಸ್ಟಾಕಿನೊಳಗೆ ಲೋಹದ ಆಧಾರಗಳನ್ನು ಹುದುಗಿಸಿ ಬೋಲ್ಟ್ ಓಡಾಡುವ ಲೋಹದ ಭಾಗವಾದ ಆಕ್ಷನ್ ಅನ್ನು ಅವುಗಳ ಮೇಲೆ ಕೂರಿಸಿರುವುದು ಈ ಬೆಲೆಯಲ್ಲಿ ಮೆಚ್ಚಲೇಬೇಕಾದ ಕೆಲಸ. 2023ರ ಕೊನೆಯಲ್ಲಿ ಬಂದ ಎರಡನೇ ತಲೆಮಾರಿನಲ್ಲಿ ಕೆನ್ನೆಯ ಎತ್ತರವನ್ನೂ ಸ್ಟಾಕಿನ ಉದ್ದವನ್ನೂ ಹೊಂದಿಸುವ ಅನುಕೂಲ ಸೇರಿದೆ, ಸುರಕ್ಷಾ ಗುಂಡಿಗೆ ಮೂರು ನೆಲೆಗಳು ಬಂದಿವೆ. ಬೋಲ್ಟನ್ನು ಬೀಗ ಹಾಕಿದ ಸ್ಥಿತಿಯಲ್ಲಿ ಹೊತ್ತು ನಡೆಯಲು, ಟ್ರಿಗರ್ ಎಳೆದರೂ ಸಿಡಿಯದಂತೆ ತೋಟಾ ತೆಗೆಯಲು ಆ ಮೂರು ನೆಲೆಗಳು ನೆರವಾಗುವುದರಿಂದ, ಈಗ ಹೊಸದಾಗಿ ಕೊಳ್ಳುವವರು ಎರಡನೇ ತಲೆಮಾರನ್ನೇ ಕೊಳ್ಳುವುದು ಲೇಸು.

ಸ್ಯಾವೇಜ್ ಆಕ್ಸಿಸ್ ಇದಕ್ಕಿಂತಲೂ ನೂರಿನ್ನೂರು ಡಾಲರ್ ಅಗ್ಗ. ಸ್ಯಾವೇಜ್ ಕಂಪನಿ 1958ರಲ್ಲಿ ತನ್ನ 110 ಮಾದರಿಯಲ್ಲಿ ತಂದ ಒಂದು ಉಪಾಯವೇ ಇಂದಿನ ಅಗ್ಗದ, ನಿಖರ ರೈಫಲ್‌ಗಳ ಮೂಲವೆನ್ನಬಹುದು: ನಳಿಗೆಯನ್ನು ಆಕ್ಷನ್‌ಗೆ ತಿರುಪಿ, ತೋಟಾ ಕೂರುವ ಆಳವನ್ನು ಅಳತೆಗೋಲಿನಿಂದ ನೋಡಿ, ಮೇಲೊಂದು ನಟ್ಟಿನಿಂದ ಬಿಗಿದುಬಿಡುವುದು. ನುರಿತ ಕೈಗಳು ಗಂಟೆಗಟ್ಟಲೆ ಮಾಡಬೇಕಿದ್ದ ಹೊಂದಾಣಿಕೆಯನ್ನು ಇದು ನಿಮಿಷಗಳಿಗೆ ಇಳಿಸಿತು. ರೂಗರ್ ಅಮೆರಿಕನ್ ಕೂಡ ನಳಿಗೆಯನ್ನು ಇದೇ ಬಗೆಯ ನಟ್ಟಿನಿಂದಲೇ ಬಿಗಿಯುತ್ತದೆ. ಆಕ್ಸಿಸ್ ಕೊಳ್ಳುವವರು ಅಕ್ಯುಟ್ರಿಗರ್ ಇರುವ ಮಾದರಿಯನ್ನೇ ಕೇಳಿ ಪಡೆಯಬೇಕು. ಟ್ರಿಗರಿನ ನಡುವೆ ಇರುವ ತೆಳು ಅಲಗನ್ನು ಒತ್ತದೆ ಹೋದರೆ ಅದು ಸಿಡಿಯುವುದಿಲ್ಲವಾದ್ದರಿಂದ, ಹಗುರವಾಗಿ ಹೊಂದಿಸಿದರೂ ಅಪಾಯವಿಲ್ಲ. ಅದಿಲ್ಲದ ಮೂಲ ಮಾದರಿಯ ಟ್ರಿಗರ್ ಭಾರ, ಮತ್ತು ಭಾರದ ಟ್ರಿಗರಿನಿಂದ ಮೂರು ಅಂಗುಲದ ಗುರಿಯನ್ನು ಹೊಡೆಯುವುದು ಕಷ್ಟ. ನಿಖರತೆಯಲ್ಲಿ ಆಕ್ಸಿಸ್ ಯಾರಿಗೂ ತಲೆಬಾಗಬೇಕಿಲ್ಲ. ಬೋಲ್ಟಿನ ನಯ, ಸ್ಟಾಕಿನ ಗಟ್ಟಿತನ ಮಾತ್ರ ಬೆಲೆಗೆ ತಕ್ಕಂತಿವೆ.

ಜಪಾನಿನಲ್ಲಿ ತಯಾರಾಗುವ ಹೋವಾ 1500ರ ದಪ್ಪ ನಳಿಗೆಯ ಮಾದರಿ, ಮೇಜಿನ ಮುಂದೆ ಕುಳಿತು ಹೊಡೆಯುವವರಿಗೆ ಈ ನಾಲ್ಕರಲ್ಲಿ ಮೊದಲ ಆಯ್ಕೆಯಾಗಬೇಕು. ವೆದರ್‌ಬಿ ವ್ಯಾನ್‌ಗಾರ್ಡ್ ರೈಫಲ್‌ಗಳು ಕಟ್ಟಲ್ಪಟ್ಟಿರುವುದೂ ಈ ಆಕ್ಷನ್ ಮೇಲೆಯೇ. ಎರಡು ಹಂತದ ಟ್ರಿಗರ್ ನನ್ನ ಬೆರಳಿಗೆ ರೂಗರ್‌ನದಕ್ಕಿಂತಲೂ ಹಿತವಾಗಿತ್ತು. ತೂಕ ಮಾತ್ರ ದೂರದರ್ಶಕ ಸೇರಿದರೆ ಹೆಗಲು ಬಾಗಿಸುವಷ್ಟು. ಫಿನ್‌ಲ್ಯಾಂಡಿನ ಟಿಕ್ಕಾ ಟಿ3ಎಕ್ಸ್ ಎಲ್ಲದರಲ್ಲೂ ಮೇಲು, ಬೋಲ್ಟ್ ಬೆಣ್ಣೆಯಂತೆ ಜಾರುತ್ತದೆ, ಆದರೆ ಅದರ ವಾರ್ಮಿಂಟ್ ಮಾದರಿಯ ಬೆಲೆ ಮಿತ ಎಂಬ ಮಾತಿನಾಚೆಗೆ ಹೋಗುತ್ತದೆ.

ಈ ದರ್ಜೆಯ ರೈಫಲ್‌ಗಳಿಗೆ ಸಾಮಾನ್ಯವಾದ ದೌರ್ಬಲ್ಯವೆಂದರೆ ಪ್ಲಾಸ್ಟಿಕ್ ಸ್ಟಾಕಿನ ಮುಂಭಾಗ. ಬೈಪಾಡ್ ಎಂಬ ಎರಡು ಕಾಲಿನ ಆಸರೆ ಹಾಕಿ ಮೈಭಾರ ಒತ್ತಿದರೆ ಅದು ಬಾಗಿ ನಳಿಗೆಗೆ ತಾಗುವ ಸಂಭವವಿದೆ. ತಾಗಿದರೆ ನಳಿಗೆಯ ಕಂಪನ ಬದಲಾಗಿ ಗುಂಡು ಬೇರೆಡೆಗೆ ಬೀಳುತ್ತದೆ. ಕಾಗದದ ಚೂರೊಂದನ್ನು ನಳಿಗೆ ಮತ್ತು ಸ್ಟಾಕಿನ ನಡುವೆ ತೂರಿಸಿ ಆಕ್ಷನ್‌ವರೆಗೂ ಎಳೆದು ನೋಡಬೇಕು, ಮುಂಭಾಗವನ್ನು ಕೈಯಿಂದ ಒತ್ತಿ ಹಿಡಿದು ಮತ್ತೊಮ್ಮೆ ಎಳೆಯಬೇಕು. ಎರಡನೇ ಸಲ ಸಿಕ್ಕಿಕೊಂಡರೆ ಮರಳುಕಾಗದದಿಂದ ಉಜ್ಜಿ ಜಾಗ ಮಾಡಿಕೊಳ್ಳಬಹುದು. ನಾನು ಬೈಪಾಡನ್ನೇ ಬಿಟ್ಟು, ಮುಂದೆ ಒಂದು ಮರಳುಚೀಲ, ಹಿಂದೆ ಇನ್ನೊಂದು ಸಣ್ಣ ಚೀಲ ಇಟ್ಟು ಹೊಡೆಯುತ್ತೇನೆ. ಸ್ಟಾಕ್ ಬಾಗುವ ತೊಂದರೆಯೂ ಇಲ್ಲ, ಖರ್ಚೂ ಇಲ್ಲ.

ನಿಖರತೆಯ ಅಳತೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಕೋನದ ಒಂದು ನಿಮಿಷ (ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ನೂರು ಗಜದಲ್ಲಿ 1.047 ಅಂಗುಲವಾಗುತ್ತದೆ, ಮುನ್ನೂರು ಗಜದಲ್ಲಿ ಮೂರಂಗುಲ ದಾಟುತ್ತದೆ. ನಾನು ಮೊದಲು ಹೇಳಿದ ಪ್ರೇರಿ ಡಾಗ್‌ನ ಅಗಲವೂ ಅಷ್ಟೇ. ಮೂರು ಈಡುಗಳನ್ನು ಹೊಡೆದು ಅವು ಅರ್ಧ ಅಂಗುಲದೊಳಗೆ ಬಿದ್ದುವೆಂದು ಸಂಭ್ರಮಿಸುವವರು ಬಹಳ ಮಂದಿ, ಆದರೆ ಮೂರು ಈಡುಗಳ ಗುಂಪು ಅದೃಷ್ಟದಿಂದಲೂ ಚಿಕ್ಕದಾಗಬಹುದು. ಹತ್ತು ಈಡುಗಳನ್ನು ಒಂದೇ ಕಾಗದಕ್ಕೆ ಹೊಡೆದಾಗ ಮಾತ್ರ ರೈಫಲಿನ ನಿಜವಾದ ನಡತೆ ಹೊರಬೀಳುತ್ತದೆ. ನನ್ನ ಪ್ರಿಡೇಟರ್ ಹಾರ್ನಡಿಯ 55 ಗ್ರೇನ್ ವಿ-ಮ್ಯಾಕ್ಸ್ ಗುಂಡಿನ ತೋಟಾದಿಂದ ನೂರು ಗಜದಲ್ಲಿ ಐದು ಈಡುಗಳನ್ನು ಒಂದಂಗುಲದೊಳಗೆ ಇಡುತ್ತದೆ, ಹತ್ತನ್ನು ಒಂದೂಕಾಲು ಅಂಗುಲದೊಳಗೆ. ಹೀಗಾಗಿ ಅದರಿಂದ ಇನ್ನೂರೈವತ್ತು ಗಜದಾಚೆಗೆ ಗ್ರೌಂಡ್‌ಹಾಗ್ ತಲೆಗೆ ಗುರಿಯಿಡುವುದಿಲ್ಲವೆಂದು ನನಗೆ ನಾನೇ ಗೆರೆ ಎಳೆದುಕೊಂಡಿದ್ದೇನೆ. ಒಂದೇ ಮಾದರಿಯ ಎರಡು ರೈಫಲ್‌ಗಳಿಗೂ ಬೇರೆ ಬೇರೆ ತೋಟಾ ಇಷ್ಟವಾಗುವುದುಂಟು. ನಾಲ್ಕೈದು ಬಗೆಯ ಪೆಟ್ಟಿಗೆಗಳನ್ನು ತಂದು ಹೊಡೆದು ನೋಡುವ ಖರ್ಚನ್ನು ರೈಫಲಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಬೇಕು.

ಉಳಿಸಿದ ಹಣ ಹೋಗಬೇಕಾದದ್ದು ದೂರದರ್ಶಕಕ್ಕೆ. ಗರಿಷ್ಠ ಹದಿನಾಲ್ಕು ಹದಿನಾರು ಪಟ್ಟು ಹಿಗ್ಗಿಸಬಲ್ಲ, ದೂರಕ್ಕೆ ತಕ್ಕಂತೆ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಗೆರೆಯೂ ಸರಿದಂತೆ ಕಾಣುವ ದೋಷ) ಹೊಂದಿಸಬಲ್ಲ ಒಂದು ದೂರದರ್ಶಕ ಸಾಕು. ಬೇಸಿಗೆಯ ಮಧ್ಯಾಹ್ನ ನೆಲದಿಂದೇಳುವ ಬಿಸಿಲ ಅಲೆಗಳಲ್ಲಿ ಅದಕ್ಕಿಂತ ಹೆಚ್ಚು ಹಿಗ್ಗಿಸಿದರೆ ಕಾಣುವುದು ಪ್ರಾಣಿಯಲ್ಲ, ಕುಣಿಯುವ ಬಣ್ಣ. ರೈಫಲಿನ ಬೆಲೆಯ ಅರ್ಧಕ್ಕಿಂತ ಕಡಿಮೆ ಇದಕ್ಕೆ ಕೊಡಬಾರದು. ಅದನ್ನು ಕೂರಿಸುವ ಕೆಲಸವನ್ನು ನಾನು ಮೊದಲು ಒಂದು ಅಂಗಡಿಯವರಿಗೆ ಒಪ್ಪಿಸಿದ್ದೆ. ಮೊದಲ ದಿನವೇ ಗುಂಡುಗಳು ಕಾಗದದ ತುಂಬ ಚೆಲ್ಲಾಡಿದವು. ರೈಫಲೇ ಕೆಟ್ಟದ್ದೆಂದು ಎರಡು ವಾರ ನೊಂದುಕೊಂಡು, ಎರಡು ಪೆಟ್ಟಿಗೆ ತೋಟಾ ವ್ಯರ್ಥ ಮಾಡಿದ ಮೇಲೆ, ಹಿಂದಿನ ಉಂಗುರದ ತಿರುಪುಗಳು ಬೆರಳಿನಲ್ಲೇ ತಿರುಗುವಷ್ಟು ಸಡಿಲವಾಗಿದ್ದುದು ಕಂಡಿತು. ಅಂದಿನಿಂದ ಬಿಗಿತದ ಅಳತೆ ತೋರಿಸುವ ಸ್ಪ್ಯಾನರ್ ಒಂದನ್ನು ಕೊಂಡು ನಾನೇ ಬಿಗಿಯುತ್ತೇನೆ.

ಕಾನೂನಿನ ವಿಷಯ ಚಿಕ್ಕದಾದರೂ ಬಿಡುವಂತಿಲ್ಲ. ಅಮೆರಿಕದಲ್ಲಿ ಪರವಾನಗಿ ಪಡೆದ ವ್ಯಾಪಾರಿಯಿಂದ ರೈಫಲ್ ಕೊಳ್ಳಲು ಒಕ್ಕೂಟದ ಕಾನೂನಿನಂತೆ 18 ವರ್ಷ ತುಂಬಿರಬೇಕು, 4473 ಸಂಖ್ಯೆಯ ನಮೂನೆ ತುಂಬಬೇಕು, ಹಿನ್ನೆಲೆಯ ತಪಾಸಣೆ ಮುಗಿಯಬೇಕು. ಕೆಲವು ರಾಜ್ಯಗಳ ನಿಯಮ ಇನ್ನೂ ಬಿಗಿ. ಬೇಟೆಯ ಪರವಾನಗಿ, ಋತು, ಯಾವ ಪ್ರಾಣಿ ಎಂಬುದೆಲ್ಲ ರಾಜ್ಯಕ್ಕೊಂದು ಬಗೆ. ಎಲ್ಲ ಪ್ರೇರಿ ಡಾಗ್‌ಗಳೂ ಒಂದೇ ಅಲ್ಲ: ಯೂಟಾ ಪ್ರೇರಿ ಡಾಗ್ ಒಕ್ಕೂಟದ ಕಾನೂನಿನ ರಕ್ಷಣೆಯಲ್ಲಿದೆ. ನಶಿಸಿಹೋಯಿತೆಂದೇ ತಿಳಿದಿದ್ದು 1981ರಲ್ಲಿ ವಯೋಮಿಂಗ್‌ನಲ್ಲಿ ಮತ್ತೆ ಕಂಡ ಕಪ್ಪುಕಾಲಿನ ಫೆರೆಟ್ ಎಂಬ ಮುಂಗುಸಿಯಂಥ ಸಣ್ಣ ಬೇಟೆಪ್ರಾಣಿ ಬದುಕುವುದೇ ಪ್ರೇರಿ ಡಾಗ್‌ಗಳನ್ನು ತಿಂದು, ಅವುಗಳ ಬಿಲಗಳಲ್ಲಿ. ಯಾವ ಬಯಲಿನಲ್ಲಿ ಹೊಡೆಯಬಹುದು, ಯಾವುದರಲ್ಲಿ ಬಾರದು ಎಂಬುದನ್ನು ಹೋಗುವ ಮುನ್ನವೇ ತಿಳಿದುಕೊಳ್ಳುವುದು ಬೇಟೆಗಾರನ ಹೊಣೆ. ಸೀಸದ ಮಾತೂ ಹೀಗೆಯೇ. ವಾರ್ಮಿಂಟ್ ಗುಂಡು ತಗುಲಿದೊಡನೆ ಚೂರುಚೂರಾಗುತ್ತದೆ, ಹೊಲದಲ್ಲೇ ಬಿಟ್ಟ ಸತ್ತ ಪ್ರಾಣಿಯನ್ನು ಹದ್ದುಗಳು ತಿಂದಾಗ ಆ ಸೀಸದ ಚೂರುಗಳು ಅವುಗಳ ಹೊಟ್ಟೆ ಸೇರಿ ವಿಷವಾಗುತ್ತವೆ. ಕ್ಯಾಲಿಫೋರ್ನಿಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿದೆ. ಸೀಸವಿಲ್ಲದ ಹಗುರ ಗುಂಡುಗಳು .204ಕ್ಕೂ .223ಕ್ಕೂ ಸಿಗುತ್ತವೆ, ಸ್ವಲ್ಪ ದುಬಾರಿ. ನಾನು ರೇಂಜಿನ ಅಭ್ಯಾಸಕ್ಕೆ ಅಗ್ಗದ್ದನ್ನು ಬಳಸಿ, ಹೊಲಕ್ಕೆ ಅವನ್ನೇ ಒಯ್ಯುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಅದು ಸಾಧ್ಯವಾಗದಿದ್ದಾಗ ಸತ್ತ ಪ್ರಾಣಿಯನ್ನು ಮಣ್ಣಿನಲ್ಲಿ ಹೂಳಿ ಬರುತ್ತೇನೆ.

ಬಳಸಿದ ರೈಫಲ್ ಕೊಳ್ಳುವ ಯೋಚನೆ ಇರುವವರಿಗೆ ಕೊನೆಯದಾಗಿ ಇಷ್ಟು ಹೇಳಬಹುದು: ಹಳೆಯ .22-250ಗಿಂತ ಹಳೆಯ .223 ಕೊಳ್ಳುವುದು ಕ್ಷೇಮ, ಏಕೆಂದರೆ ಮೊದಲನೆಯದರ ನಳಿಗೆಯ ಬುಡ ಎಷ್ಟು ಸುಟ್ಟಿದೆಯೆಂಬುದು ಹೊರಗಿನಿಂದ ಕಾಣುವುದಿಲ್ಲ. ವ್ಯಾಪಾರಿಯ ಅನುಮತಿ ಪಡೆದು, ತೋಟಾ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಂಡು, ಬೋಲ್ಟ್ ತೆಗೆದು ನಳಿಗೆಯೊಳಗೆ ದೀಪ ಹಿಡಿದು ನೋಡಬೇಕು. ಬಾಯಿಯ ಅಂಚಿನಲ್ಲಿ ಸಣ್ಣದೊಂದು ಕಚ್ಚು ಇದ್ದರೂ ಗುಂಡು ಓರೆಯಾಗಿ ಹೊರಡುತ್ತದೆ, ಆದರೆ ಅಂಥ ನಳಿಗೆಯ ಅಂಚನ್ನು ಕುಶಲಕರ್ಮಿಯೊಬ್ಬ ಕಡಿಮೆ ಖರ್ಚಿನಲ್ಲಿ ಮತ್ತೆ ಸಮಮಾಡಿಕೊಡಬಲ್ಲ. ಬುಡ ಸುಟ್ಟ ನಳಿಗೆಗೆ ಆ ಉಪಾಯವಿಲ್ಲ, ನಳಿಗೆಯನ್ನೇ ಬದಲಿಸಬೇಕು. ನಟ್ಟಿನಿಂದ ಬಿಗಿದ ರೈಫಲ್‌ಗಳಲ್ಲಿ ಆ ಕೆಲಸ ಸುಲಭವಾದರೂ, ಹೊಸ ನಳಿಗೆಯ ಬೆಲೆ ಸೇರಿಸಿದಾಗ ಹೊಸ ಪ್ರಿಡೇಟರ್‌ಗೂ ಅದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.